ಕೆಂಪು ಬಾವುಟ ಎತ್ತುವ ಮೊದಲು

ನನ್ನ ಗಂಡ ಹುಡುಗರ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಐದನೆಯ ಕ್ಲಾಸಿನಿಂದ ಎಂಟನೆಯ ಕ್ಲಾಸಿನವರೆಗಿನ ಹುಡುಗರು ಅವರ ಪಾಲಿಗೆ. ಆ ವಯಸ್ಸಿನ ಹುಡುಗರನ್ನು ಯಾರೂ ಇಷ್ಟಪಟ್ಟು ತೆಗೆದುಕೊಳ್ಳುವುದಿಲ್ಲ. ಚಿಕ್ಕವರಾದರೆ ಎತ್ತಿ ಕೂರಿಸಬಹುದು. ದೊಡ್ಡವರಾದರೆ ಹೇಳಿ ಕೂರಿಸಬಹುದು. ನಡುವಿನವರು ಕೂರುವುದೇ ಇಲ್ಲ. ಇವರಿಗೆ ಮಾತ್ರ ಅವರೇ ಬೇಕು.

"ನಿನ್ನೆ ಇದ್ದ ಉದ್ದ ಇವತ್ತು ಇರೋಲ್ಲ ಕಣೇ ಅವರಿಗೆ. ಅವರ ಮೈ ಅವರಿಗೇ ಹೊಸದು. ಅದಕ್ಕೇ ಬೀಳ್ತಾರೆ, ಎದ್ದೇಳ್ತಾರೆ, ಮತ್ತೆ ಬೀಳ್ತಾರೆ" ಎನ್ನುತ್ತಿದ್ದರು.

ಅವರ ಬಗ್ಗೆ ಬರೆದುಕೊಡಿ ಎಂದು ಶಾಲೆಯವರು ಕೇಳಿದ್ದಾರೆ. ನಾನು ಹೆಚ್ಚು ಓದಿದವಳಲ್ಲ. ಶಿಸ್ತಿನವರು, ದೊಡ್ಡ ಮನಸ್ಸಿನವರು ಎಂದೆಲ್ಲ ಬರೆಯಲು ಬೇರೆಯವರಿದ್ದಾರೆ. ನನಗೆ ಗೊತ್ತಿರುವುದು ಅವರು ಹೆದರಿಕೆಯ ಮನುಷ್ಯ ಎಂಬುದು. ಅದನ್ನು ಬರೆಯುತ್ತೇನೆ.

ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಎದೆ ಅಗಲ, ಗಂಟಲು ದೊಡ್ಡದು. ಕೊರಳಲ್ಲಿ ಸದಾ ಸೀಟಿ. ಹುಡುಗರು ಬೆನ್ನ ಹಿಂದೆ ಅವರನ್ನು 'ಸೀಟಿ' ಎಂದೇ ಕರೆಯುತ್ತಿದ್ದರು. ಹಾಗಾಗಿ ನಾನು 'ಸೀಟಿಯಮ್ಮ'. ಒಮ್ಮೆ ಅಂಗಡಿಯಲ್ಲಿ ಒಬ್ಬ ಪುಟ್ಟ ಹುಡುಗ ನನ್ನ ಮುಖಕ್ಕೇ, "ನಮಸ್ತೆ ಸೀಟಿಯಮ್ಮಾ" ಎಂದುಬಿಟ್ಟ. ಅದೇ ನನ್ನ ಹೆಸರೆಂದು ಅವನು ತಿಳಿದಿದ್ದ. ಮನೆಗೆ ಬಂದು ಹೇಳಿದೆ. ಕೈಯಲ್ಲಿದ್ದ ಚಹಾ ಚೆಲ್ಲುವ ಹಾಗೆ ನಕ್ಕರು.

ನಮಗೆ ಶಾಲೆಯವರೇ ಮನೆ ಕೊಟ್ಟಿದ್ದರು. ಎರಡು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಕಿಟಕಿ ಮೈದಾನಕ್ಕೇ ತೆರೆಯುತ್ತಿತ್ತು. ಕಿಟಕಿಯ ಕೆಳಗೆ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಬಾಗಿಲಿನ ಪಕ್ಕ ಹುಡುಗರು ನೀರು ಕುಡಿಯುವ ನಲ್ಲಿ. ಅದರಾಚೆಗೆ ಭರ್ಜಿ ಎಸೆಯುವ ಜಾಗ. ತರಕಾರಿ ಹೆಚ್ಚುತ್ತ ತಲೆಯೆತ್ತಿದರೆ ಭರ್ಜಿ ಹಾರುವುದು ಕಾಣುತ್ತಿತ್ತು. ಬಿದ್ದು ನೆಲಕ್ಕೆ ಕಚ್ಚಿ ಅಲ್ಲಾಡುವುದೂ ಕಾಣುತ್ತಿತ್ತು. ಮದುವೆಯಾಗಿ ಆ ಮನೆಗೆ ಹೋದ ಹೊಸದರಲ್ಲಿ ಅದು ನನಗೆ ನೋಡಲು ಚೆಂದವಾಗಿತ್ತು. ಅವರಿಗೆ ಯಾವತ್ತೂ ಚೆಂದವಾಗಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮೊದಲು ಬೇರೊಂದು ಶಾಲೆಯಲ್ಲಿ ಇವರು ಒಬ್ಬ ಹಳೆಯ ಡ್ರಿಲ್ ಮೇಷ್ಟ್ರ ಕೈಕೆಳಗೆ ಇದ್ದರು. ಆ ಮೇಷ್ಟ್ರು ಒಂದು ದಿನ ಯಾರೊಂದಿಗೋ ಮಾತಾಡುತ್ತ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಒಬ್ಬ ಹುಡುಗ ಬಿದ್ದ ಭರ್ಜಿ ತರಲು ಒಳಗೆ ಹೋಗಿದ್ದ. ಇನ್ನೊಬ್ಬ ಎಸೆದ. ತೊಡೆಗೆ ಚುಚ್ಚಿತು. ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಇವರು. ಹುಡುಗ ಬದುಕಿದ, ಆದರೆ ಕಾಲು ಎಳೆಯುವ ಹಾಗಾಯಿತು. "ಅವನು ಅಳ್ಲಿಲ್ಲ ಕಣೇ. ನನ್ನ ಅಂಗಿ ಹಿಡ್ಕೊಂಡು, ಸಾರ್ ನಾನು ಮನೇಗೆ ಹೋಗ್ಬೇಕು, ಮನೇಗೆ ಹೋಗ್ಬೇಕು ಅಂತ ಅಷ್ಟೇ ಹೇಳ್ತಿದ್ದ" ಎಂದು ಎಷ್ಟೋ ಸಲ ಹೇಳಿದ್ದಾರೆ.

ನಮ್ಮ ಶಾಲೆಗೆ ಬಂದ ಮೇಲೆ ಇವರು ಬಾವುಟದ ಪದ್ಧತಿ ಇಟ್ಟರು. ಬಿಳಿ ಬಾವುಟ ಎತ್ತಿದರೆ ಹುಡುಗರು ಒಳಗೆ ಹೋಗಿ ಭರ್ಜಿ ತರಬಹುದು. ಎಲ್ಲರೂ ಹೊರಗೆ ಬಂದ ಮೇಲೆ ಇವರು ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಕೆಂಪು ಎತ್ತುತ್ತಾರೆ. ಕೆಂಪು ಎತ್ತಿದ ಮೇಲೆಯೇ ಭರ್ಜಿ ಕೈ ಬಿಡಬೇಕು. ನಡುವೆ ಯಾವನಾದರೂ ಕುಚೇಷ್ಟೆ ಮಾಡಿದರೆ ಆ ವಾರವೆಲ್ಲ ಅವನಿಗೆ ಆಟವಿಲ್ಲ, ಕಲ್ಲು ಆರಿಸುವ ಕೆಲಸ. ಎರಡು ಬಾವುಟವನ್ನೂ ನಾನೇ ಹೊಲಿದುಕೊಟ್ಟೆ. ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದರು, "ನಿಮ್ಮಪ್ಪ ಬಂದು ಎಸಿ ಅಂದ್ರೂ ಎಸೀಬಾರ್ದು. ಹೆಡ್ ಮೇಷ್ಟ್ರು ಅಂದ್ರೂ ಎಸೀಬಾರ್ದು. ನನ್ನ ಕೈ ನೋಡ್ಬೇಕು. ನನ್ನ ಕೈ ಎದ್ದ ಮೇಲೆ ಮಾತ್ರ, ತಿಳೀತಾ?"

"ತಿಳೀತು ಸಾರ್" ಎಂದು ಎಲ್ಲರೂ ಕೂಗುತ್ತಿದ್ದರು. ನನಗೆ ಒಲೆಯ ಮುಂದೆ ಕೇಳಿಸುತ್ತಿತ್ತು.

ಹೀಗೆ ವರ್ಷಗಳು ಹೋದವು. ಒಬ್ಬ ಹುಡುಗನಿಗೂ ಭರ್ಜಿಯಿಂದ ಗೀರು ಕೂಡ ಆಗಲಿಲ್ಲ. ಇವರ ಕೂದಲು ನೆರೆಯಿತು.

ಆಮೇಲೆ ಮನೆಯಲ್ಲಿ ಸಣ್ಣ ಸಣ್ಣ ವಿಷಯಗಳು ನಡೆಯತೊಡಗಿದವು. ಊಟಕ್ಕೆ ಕೂತಾಗ ಎಡಗಡೆ ನೀರಿನ ಲೋಟ ಇಟ್ಟರೆ ಕೈ ತಗುಲಿ ಉರುಳುತ್ತಿತ್ತು. ಒಂದು ಸಲ, ಎರಡು ಸಲ ಬೈದೆ. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ಬಡಿಯುತ್ತಿತ್ತು. "ಈ ಬಾಗಿಲು ಕಟ್ಟಿದವನಿಗೆ ಕಣ್ಣಿರ್ಲಿಲ್ಲ" ಎಂದು ಬಾಗಿಲಿಗೇ ಬೈಯುತ್ತಿದ್ದರು. ಅಷ್ಟು ವರ್ಷ ಅದೇ ಬಾಗಿಲಲ್ಲಿ ಓಡಾಡಿದವರು.

ಒಂದು ಬೆಳಿಗ್ಗೆ ಅವರು ಬೂಟು ಒರೆಸುತ್ತ ಕೂತಿದ್ದರು. ನಾನು ಅವರ ಎಡಕ್ಕೆ ಹೋಗಿ ಸುಮ್ಮನೆ ನಿಂತೆ. ಕೈಯಲ್ಲಿದ್ದ ಸೌಟು ಎತ್ತಿದೆ. ಆಡಿಸಿದೆ. ತಲೆಗೆ ಹೊಡೆಯುವವಳ ಹಾಗೆ ಬೀಸಿದೆ. ಅವರು ಬೂಟು ಒರೆಸುತ್ತಲೇ ಇದ್ದರು. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಅವತ್ತು ಹಿಡಿದ ಭಯ ಆಮೇಲೆ ಬಿಡಲಿಲ್ಲ.

ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಇವರೆದುರು ಕೂತು, "ನನ್ನ ಮೂಗು ನೋಡ್ತಾ ಇರಿ. ನನ್ನ ಬೆರಳು ಅಲ್ಲಾಡೋದು ಕಂಡಾಗ ಹೂಂ ಅನ್ನಿ" ಎಂದರು. ಬಲಗಡೆ ಬೆರಳು ಅಲ್ಲಾಡಿತು. ಇವರು ಹೂಂ ಎಂದರು. ಎಡಗಡೆ ಅಲ್ಲಾಡಿತು. ಇವರು ಸುಮ್ಮನಿದ್ದರು. ಬೆರಳು ಇನ್ನೂ ಹತ್ತಿರ ಬಂತು. ಸುಮ್ಮನಿದ್ದರು. ಕೆನ್ನೆಯ ಹತ್ತಿರಕ್ಕೇ ಬಂತು. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಹೂಂ ಅನ್ನಿ, ಹೂಂ ಅನ್ನಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಇವರು ಮೂಗು ನೋಡುತ್ತ, "ಶುರು ಮಾಡಿ ಡಾಕ್ಟರೇ" ಎಂದರು.

ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ ಎಂದರು ಡಾಕ್ಟರಮ್ಮ. ಕಾಯಿಲೆಗೆ ಒಂದು ಹೆಸರು ಹೇಳಿದರು, ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ನೇರಕ್ಕೆ ಚೆನ್ನಾಗಿ ಕಾಣುತ್ತದೆ, ಪಕ್ಕಕ್ಕೆ ಕಾಣುವುದಿಲ್ಲ, ಎಡಗಡೆ ಪೂರ್ತಿ ಹೋಗಿದೆ. "ಹೋದದ್ದು ಬರೋಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಬೆಳಿಗ್ಗೆ ಸಂಜೆ ಈ ಹನಿ ಹಾಕಿ. ಏನು ಕೆಲಸ ನಿಮ್ದು?"

"ಶಾಲೇಲಿ ಮೇಷ್ಟ್ರು."

"ಡ್ರಿಲ್ ಮೇಷ್ಟ್ರು" ಎಂದೆ ನಾನು.

"ಹೌದಾ? ಚೆಂಡು ಗಿಂಡು ಪಕ್ಕದಿಂದ ಬಂದ್ರೆ ಗೊತ್ತಾಗೋಲ್ಲ. ಹುಷಾರಾಗಿರಿ" ಎಂದರು ಡಾಕ್ಟರಮ್ಮ. ಅವರಿಗೆ ಚೆಂಡು ನೆನಪಾಯಿತು. ನನಗೆ ಭರ್ಜಿ.

ಬಸ್ಸಿನಲ್ಲೇ ಶುರುಮಾಡಿದೆ. "ಭರ್ಜಿ ಬಿಟ್ಟುಬಿಡಿ ರೀ. ಓಡ್ಸಿ, ಕುಣಿಸಿ, ಏನಾದ್ರೂ ಮಾಡಿ. ಆ ಭರ್ಜಿ ಮಾತ್ರ ಬೇರೆಯವರಿಗೆ ಕೊಡಿ."

"ಯಾರಿಗೆ ಕೊಡ್ಲಿ? ಲೆಕ್ಕದ ಮೇಷ್ಟ್ರಿಗಾ? ಅವರು ಭರ್ಜಿನ ಕೊಡೆ ಹಿಡಿದ ಹಾಗೆ ಹಿಡ್ಕೋತಾರೆ."

"ತಮಾಷೆ ಬೇಡ."

"ತಮಾಷೆ ಅಲ್ಲ. ಬೇರೆಯವರ ಕೈಗೆ ಕೊಟ್ರೆ ಮಾತಾಡ್ತಾ ಬೆನ್ನು ಹಾಕಿ ನಿಲ್ತಾರೆ. ನಾನು ನೋಡಿದೀನಿ. ನೀನು ನೋಡಿಲ್ಲ."

"ಅವರು ಬೆನ್ನು ಹಾಕಿದ್ರೆ ತಿರುಗಿ ನೋಡ್ಬಹುದು. ನಿಮಗೆ ಕತ್ತು ತಿರುಗಿಸಿದ್ರೂ ಆ ಕಡೆ ಪೂರ್ತಿ ಕಾಣೋಲ್ಲವಲ್ಲ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಇವರು ಕಿಟಕಿಯ ಕಡೆ ಮುಖ ಮಾಡಿದರು.

ಇವರಿಗೆ ಮೈದಾನ ಬಿಡಲು ಇಷ್ಟವಿರಲಿಲ್ಲ, ಅದು ನಿಜ. ಆದರೆ ಅದಷ್ಟೇ ಅಲ್ಲ. ಈ ಲೋಕದಲ್ಲಿ ತನ್ನಷ್ಟು ಹೆದರಿ ಭರ್ಜಿ ನೋಡಿಕೊಳ್ಳುವವನು ಇನ್ನೊಬ್ಬನಿಲ್ಲ ಎಂದು ಅವರು ನಂಬಿದ್ದರು. ಹೆದರಿಕೆಯೇ ಅವರನ್ನು ಅಲ್ಲಿ ಕಟ್ಟಿಹಾಕಿತ್ತು. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಸಂಜೆ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಹನಿ ಹಾಕುತ್ತಿದ್ದೆ. ಆಗ ಓಡಿಹೋಗಲು ಆಗುತ್ತಿರಲಿಲ್ಲವಲ್ಲ, ಆಗ ಕೇಳುತ್ತಿದ್ದೆ.

"ಹೇಳ್ತೀರೋ, ಇಲ್ಲ ಹೆಡ್ ಮೇಷ್ಟ್ರಿಗೆ ನಾನೇ ಹೇಳ್ಲೋ?"

"ಶಾಲೆಗಳ ಪಂದ್ಯ ನಮ್ಮ ಮೈದಾನದಲ್ಲೇ ಇದೆ ಈ ಸಲ. ಅದೊಂದು ಮುಗೀಲಿ. ಮಾರನೇ ದಿನ ನಾನೇ ಹೇಳ್ತೀನಿ."

"ಅಲ್ಲೀತನಕ?"

"ಅಲ್ಲೀತನಕ ಎರಡೆರಡು ಸಲ ಕತ್ತು ತಿರುಗಿಸ್ತೀನಿ, ಸಾಕಾ ತಾಯಿ?"

ಸಾಕಾಗಲಿಲ್ಲ. ಭರ್ಜಿಯ ದಿನಗಳಲ್ಲಿ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಒಲೆಯ ಮೇಲಿನದು ಸೀದರೆ ಸೀಯಲಿ. ಅವರ ಕತ್ತನ್ನೇ ನೋಡುತ್ತಿದ್ದೆ. ಬಲಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗುತ್ತದೆ. ಇನ್ನೂ ತಿರುಗಬೇಕು, ಇನ್ನೂ. ಅಷ್ಟರಲ್ಲಿ ಎಡಗಡೆಯಿಂದ ಒಬ್ಬ ಹುಡುಗನ ಧ್ವನಿ ಬರುತ್ತಿತ್ತು: "ಖಾಲಿ ಸಾರ್!" ಕೆಂಪು ಬಾವುಟ ಮೇಲೇಳುತ್ತಿತ್ತು. ಭರ್ಜಿ ಹಾರುತ್ತಿತ್ತು.

ಆ ಕೂಗು ಮೊದಲೂ ಕಿವಿಗೆ ಬಿದ್ದಿತ್ತು, ಗಮನ ಕೊಟ್ಟಿರಲಿಲ್ಲ. ಈಗ ನೋಡಿದರೆ ಪ್ರತಿ ಸಲವೂ ಹಾಗೆ. ಖಾಲಿ ಸಾರ್. ಕೆಂಪು. ಭರ್ಜಿ.

"ಅದೇನು ಖಾಲಿ ಅಂತ ಕೂಗ್ತಾವಲ್ಲ?" ಎಂದು ಊಟಕ್ಕೆ ಬಂದಾಗ ಕೇಳಿದೆ.

ಇವರ ಮುಖ ಅರಳಿತು. "ನೋಡಿದ್ಯಾ? ನಾನು ಹೇಳಿಕೊಟ್ಟದ್ದಲ್ಲ. ಅವರಾಗೇ ಶುರು ಮಾಡಿದ್ದು. ಎಲ್ಲರೂ ಹೊರಗೆ ಬಂದ್ಮೇಲೆ ಒಬ್ಬ ಕೂಗ್ತಾನೆ. ಶಿಸ್ತು ಅಂದ್ರೆ ಅದು."

ಮಾರನೆಯ ದಿನ ಗೋಡೆಯ ಬಾಗಿಲು ತೆಗೆದು ನಲ್ಲಿಯ ಹತ್ತಿರ ನಿಂತೆ. ಎಂಟನೆಯ ಕ್ಲಾಸಿನ ಇಬ್ಬರು ಬಂದರು. ಒಬ್ಬನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು, ಕೈಕಾಲು ಏಣಿಯ ಹಾಗಿದ್ದವು, ಭರ್ಜಿಯಲ್ಲಿ ಅವನೇ ಮುಂದು. ಇನ್ನೊಬ್ಬ ಗಿಡ್ಡ, ದುಂಡಗೆ, ಅವನ ಹೆಸರು ಬಟಾಣಿ.

"ಏನ್ರೋ ಅದು, ಖಾಲಿ ಅಂತ ಕೂಗೋದು?"

"ಏನಿಲ್ಲ ಅಮ್ಮಾ, ಸುಮ್ನೆ" ಎಂದ ಉದ್ದಣ್ಣ.

"ಸಾರ್‌ಗೆ ಆ ಕಡೆ..." ಎಂದು ಬಟಾಣಿ ಬಾಯಿ ತೆಗೆದ. ಉದ್ದಣ್ಣ ಅವನ ಕಾಲು ತುಳಿದ.

"ಸಾರ್‌ಗೆ ಆ ಕಡೆ ಏನೋ?"

ಉದ್ದಣ್ಣ ನಲ್ಲಿಗೆ ಬಗ್ಗಿ ಬಹಳ ಹೊತ್ತು ನೀರು ಕುಡಿದ. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದ, "ಸಾರ್‌ಗೆ ಆ ಕಡೆ ಬಿಸ್ಲು ಹೊಡೆಯುತ್ತೆ ಅಮ್ಮಾ. ಅದಕ್ಕೆ."

ಅವತ್ತು ಮೋಡ ಮುಚ್ಚಿತ್ತು. ಬಿಸಿಲೇ ಇರಲಿಲ್ಲ.

ಸಂಜೆ ಹನಿ ಹಾಕುವಾಗ ಹೇಳಿದೆ. "ಹುಡುಗರಿಗೆ ಗೊತ್ತು ರೀ. ನಿಮ್ಮ ಬದಲು ಅವರು ನೋಡ್ತಿದಾರೆ."

"ಹುಡುಗರಿಗೆ ಏನು ಗೊತ್ತಾಗುತ್ತೆ? ನಿಂಗೆ ತಲೆ ಕೆಟ್ಟಿದೆ." ಕಣ್ಣಿಂದ ಹನಿ ಕೆನ್ನೆಗಿಳಿಯಿತು. ಒರೆಸಿಕೊಳ್ಳದೆ ಎದ್ದು ಹೋದರು.

ಅವರು ನಂಬಲಿಲ್ಲವೋ, ನಂಬಲು ಹೆದರಿದರೋ, ಈಗಲೂ ಹೇಳಲಾರೆ. ಒಂದು ಮಾತ್ರ ನಾನು ಕಿಟಕಿಯಿಂದ ಕಂಡೆ. ಅವರ ಕತ್ತು ಎಡಕ್ಕೆ ತಿರುಗುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಧ್ವನಿ ಬರುತ್ತಿತ್ತಲ್ಲ. ಕಿವಿ ಕೇಳಿದ ಮೇಲೆ ಕತ್ತಿಗೆ ಕೆಲಸವಿಲ್ಲ.

ಪಂದ್ಯದ ದಿನ ಬಂತು. ಸುತ್ತಲಿನ ಶಾಲೆಗಳ ಹುಡುಗರೆಲ್ಲ ಬಣ್ಣ ಬಣ್ಣದ ಜರ್ಸಿ ಹಾಕಿಕೊಂಡು ಬಂದಿದ್ದರು. ಮೈದಾನದ ಒಂದು ಮೂಲೆಯಲ್ಲಿ ಬಟ್ಟೆಯ ಚಪ್ಪರ, ಅದರ ಕೆಳಗೆ ಕುರ್ಚಿ, ಹೆಡ್ ಮೇಷ್ಟ್ರು, ಬಂದ ಅತಿಥಿಗಳು. ನಾನು ಬೆಳಗಿನಿಂದಲೇ ಗೋಡೆಯ ಬಾಗಿಲಲ್ಲಿ ನಿಂತೆ. ಮನೆಗೆಲಸ ಹಾಳಾಗಲಿ ಎಂದುಕೊಂಡೆ. ಇವತ್ತೊಂದು ದಿನ ಕಳೆದರೆ ನಾಳೆ ಅವರು ಹೇಳುತ್ತಾರೆ. ಇವತ್ತೊಂದು ದಿನ.

ಪಂದ್ಯದ ದಿನ ಪ್ರತಿ ಶಾಲೆಯವರೂ ತಮ್ಮ ತಮ್ಮ ಭರ್ಜಿ ತಂದಿರುತ್ತಾರೆ. ಎಸೆದ ಮೇಲೆ ಆಯಾ ಶಾಲೆಯ ಹುಡುಗನೇ ಹೋಗಿ ಕಿತ್ತುಕೊಂಡು ಬರಬೇಕು. ಬೇರೆಯವರು ಮುಟ್ಟಿದರೆ ಜಗಳ. ಹಾಗಾಗಿ ಎರಡೂ ಬದಿಯಲ್ಲಿ ಬೇರೆ ಶಾಲೆಯ ಹುಡುಗರು ತುಂಬಿದ್ದರು. ಎಡಬದಿಯಲ್ಲಿ ಹಳದಿ ಜರ್ಸಿಯವರ ಗುಂಪು. ಅವರ ನಡುವೆ ನಮ್ಮ ಬಟಾಣಿ ಒಬ್ಬನೇ ಗೂಟದ ಹಾಗೆ ನಿಂತಿದ್ದ. ಪ್ರತಿ ಎಸೆತಕ್ಕೂ ಮೊದಲು ಅಲ್ಲೆಲ್ಲ ನೋಡಿ, "ಖಾಲಿ ಸಾರ್!" ಎಂದು ಕೂಗುತ್ತಿದ್ದ.

ಹಳದಿ ಹುಡುಗರಿಗೆ ಅದು ನಗೆಯಾಯಿತು.

"ಏನೋ ಮಾರ್ತಿದೀಯಾ ಗುಂಡಪ್ಪಾ?"

"ತಲೆ ಖಾಲಿ ಇರ್ಬೇಕು, ಅದನ್ನೇ ಹೇಳ್ತಿದಾನೆ!"

"ಖಾ...ಲೀ ಸಾ...ರ್!" ಎಂದು ಒಬ್ಬ ರಾಗ ಎಳೆದು ಅಣಕಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಟಾಣಿ ಕೆಂಪಗಾದ. ಆದರೂ ಜಾಗ ಬಿಡಲಿಲ್ಲ.

ಆಮೇಲೆ ಚಪ್ಪರದಿಂದ ಹೆಡ್ ಮೇಷ್ಟ್ರು ಕೈ ತೋರಿಸಿ ಕರೆದರು. "ಏ, ನೀನು, ಗಿಡ್ಡ! ಬಾ ಇಲ್ಲಿ, ಅತಿಥಿಗಳಿಗೆ ನೀರು ಕೊಡು." ಬಟಾಣಿ ಅತ್ತಿತ್ತ ನೋಡಿದ. ನಮ್ಮ ಹುಡುಗರು ಯಾರೂ ಹತ್ತಿರ ಇರಲಿಲ್ಲ. ಹೆಡ್ ಮೇಷ್ಟ್ರು ಮತ್ತೆ ಕರೆದರು. ಹೋದ. ಹೋಗುತ್ತ ಎರಡು ಸಲ ತಿರುಗಿ ನೋಡಿದ.

ಬಿಳಿ ಬಾವುಟ ಎದ್ದಿತ್ತು. ಹುಡುಗರು ಒಳಗೆ ಹೋಗಿ ಭರ್ಜಿ ಕಿತ್ತುಕೊಂಡು ಬರುತ್ತಿದ್ದರು. ಮುಂದಿನ ಎಸೆತ ಉದ್ದಣ್ಣನದು. ಅವನು ಭರ್ಜಿ ಭುಜದ ಮೇಲೆ ಹಿಡಿದು ಓಡುವ ಗೆರೆಯ ತುದಿಯಲ್ಲಿ ನಿಂತ. ಎಡಗಡೆ ದೂರದಲ್ಲಿ ಒಬ್ಬ ಹಳದಿ ಹುಡುಗ ಇನ್ನೂ ಒಳಗೇ ಇದ್ದ. ಅವನ ಬೂಟಿನ ಲೇಸು ಬಿಚ್ಚಿಹೋಗಿತ್ತು. ಭರ್ಜಿಯನ್ನು ಪಕ್ಕಕ್ಕಿಟ್ಟು, ನಮಗೆ ಬೆನ್ನು ಮಾಡಿ, ಮೊಣಕಾಲೂರಿ ಕೂತು ಲೇಸು ಕಟ್ಟುತ್ತಿದ್ದ. ಹುಲ್ಲಿನ ಮೇಲೆ ಒಂದು ಹಳದಿ ಚುಕ್ಕೆ.

ನನ್ನ ಗಂಡ ಬಲಕ್ಕೆ ನೋಡಿದರು. ಎಡಕ್ಕೆ ಕತ್ತು ಒಂದಿಷ್ಟು ತಿರುಗಿತು. ನಿಂತಿತು. ಕಾಯಿತು.

"ಖಾ...ಲೀ ಸಾ...ರ್!"

ಆ ಅಣಕಿಸುವ ಹುಡುಗನೇ. ಮೈದಾನದ ಕಡೆ ನೋಡಿಯೂ ಇರಲಿಲ್ಲ. ತನ್ನ ಗೆಳೆಯರ ಮುಖ ನೋಡುತ್ತ ಕೂಗಿದ. ಅವರು ನಕ್ಕರು.

ಕೆಂಪು ಬಾವುಟ ಎದ್ದಿತು.

ನಾನು ಕೂಗಿದೆ. ಕೂಗಿದೆ ಎಂದೇ ನೆನಪು. ಆ ಕಡೆ ಓಟದ ಪಂದ್ಯ ಮುಗಿಯುತ್ತಿತ್ತು, ಚಪ್ಪಾಳೆ, ಕೇಕೆ, ತಗಡು ಬಡಿಯುವ ಸದ್ದು. ನನ್ನ ಧ್ವನಿ ನನಗೇ ಕೇಳಲಿಲ್ಲ. ಇವರ ಕಡೆಗೆ ಓಡತೊಡಗಿದೆ, ದೂರವಿತ್ತು.

ಉದ್ದಣ್ಣ ಓಡಿದ. ಒಂದು ಹೆಜ್ಜೆ, ಎರಡು, ಮೂರು. ನಿಂತುಬಿಟ್ಟ.

"ಎಸಿಯೋ!" ಎಂದರು ನನ್ನ ಗಂಡ.

ಅವನು ಅಲ್ಲಾಡಲಿಲ್ಲ. ಗಡಿಯಾರ ಹಿಡಿದ ತೀರ್ಪುಗಾರರು ಅದರಿಂದ ಕಣ್ಣೆತ್ತದೆ, "ಹೊತ್ತಾಗ್ತಿದೆ ಮೇಷ್ಟ್ರೇ" ಎಂದರು.

"ಕೆಂಪು ಎತ್ತಿದೀನಿ, ಕಾಣೋಲ್ವಾ? ಎಸಿ!"

"ಇಲ್ಲ ಸಾರ್."

ಎಂಟನೆಯ ಕ್ಲಾಸಿನ ಹುಡುಗ ಇವರಿಗೆ ಇಲ್ಲ ಎನ್ನುವುದನ್ನು ಆ ಮೈದಾನ ಕೇಳಿರಲಿಲ್ಲ. ಬಾವುಟ ಮೇಲೆಯೇ ಇತ್ತು.

"ಖಾಲಿ ಅಂದಾಯ್ತಲ್ಲೋ! ಎಸಿ ಅಂದ್ರೆ ಎಸಿ!"

"ಕೂಗಿದ್ದು ನಮ್ಮವರಲ್ಲ ಸಾರ್."

"ಯಾರಾದ್ರೇನೋ?"

ಉದ್ದಣ್ಣ ಭರ್ಜಿ ಕೆಳಗಿಳಿಸಿ ಅದರ ಮೊನೆಯನ್ನು ನೆಲಕ್ಕೆ ಊರಿದ. "ಸಾರ್, ನೀವೇ ಒಂದ್ಸಲ ನೋಡಿ ಸಾರ್. ಕತ್ತಲ್ಲ ಸಾರ್. ಪೂರ್ತಿ ತಿರುಗಿ ನೋಡಿ."

ಇವರು ತಿರುಗಿದರು. ಇಡೀ ಮೈ ತಿರುಗಿಸಿದರು. ಹುಡುಗ ಇನ್ನೂ ಲೇಸು ಕಟ್ಟುತ್ತ ಅಲ್ಲೇ ಕೂತಿದ್ದ, ಏನೂ ಗೊತ್ತಿಲ್ಲದೆ.

ಬಾವುಟ ಇಳಿಯಲಿಲ್ಲ, ಬಿತ್ತು. ಇವರು ಮೈದಾನದೊಳಗೆ ನಡೆದುಕೊಂಡು ಹೋದರು. ಹಳದಿ ಹುಡುಗ ನೆರಳು ಕಂಡು ತಲೆಯೆತ್ತಿ, ಬೈಗುಳ ಬೀಳುತ್ತದೆಂದು, "ಲೇಸು ಬಿಚ್ಚೋಗಿತ್ತು ಸಾರ್, ಈಗ ಬಂದೆ ಸಾರ್" ಎಂದ. ಇವರು ಅವನ ಮುಂದೆ ಕುಕ್ಕರಿಸಿ ಲೇಸು ಹಿಡಿದರು. ಎರಡು ಸಲ ಗಂಟು ಜಾರಿತು. ಹುಡುಗ ತಾನೇ ಕಟ್ಟಿಕೊಂಡು, ಭರ್ಜಿ ಎತ್ತಿಕೊಂಡು ಓಡಿದ. ಇವರು ಅಲ್ಲೇ ಕೂತಿದ್ದರು.

ತೀರ್ಪುಗಾರರು ಉದ್ದಣ್ಣನ ಎಸೆತವನ್ನು ಹೊತ್ತು ಮೀರಿತೆಂದು ತಳ್ಳಿಹಾಕಿದರು. ಇವರು ಎದ್ದು ಬಂದು ಅವನೆದುರು ನಿಂತರು. ನಾನು ಆ ಹೊತ್ತಿಗೆ ಹತ್ತಿರ ಹೋಗಿದ್ದೆ. ಹುಡುಗ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದ.

"ಯಾವಾಗಿಂದ ಗೊತ್ತೋ ನಿಂಗೆ?"

"ಆರನೇ ಕ್ಲಾಸಿಂದ ಸಾರ್."

"ನಿಂಗೊಬ್ಬನಿಗೇನಾ?"

"ಎಲ್ಲರಿಗೂ ಸಾರ್. ಐದನೇ ಕ್ಲಾಸಿನವರಿಗೂ ಹೇಳಿಕೊಟ್ಟಿದೀವಿ. ನಾವು ಹೋದ್ಮೇಲೆ ಬೇಕಲ್ಲ ಸಾರ್."

ಅಷ್ಟು ವರ್ಷ ಹುಡುಗರನ್ನು ತಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದ ಮನುಷ್ಯ. ಆರನೆಯ ಕ್ಲಾಸಿನ ಮಕ್ಕಳು ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತ, ಅದು ಇವರಿಗೆ ಗೊತ್ತಾಗದ ಹಾಗೆ ಇವರನ್ನೂ ಕಾಯುತ್ತಿದ್ದರು. ಒಬ್ಬನಿಗೆ ಜ್ವರ ಬಂದಿದ್ದರೆ? ಒಬ್ಬ ಮರೆತಿದ್ದರೆ? ಅದೆಲ್ಲ ಅವರ ಮುಖದಲ್ಲಿ ಹಾದುಹೋಗುವುದನ್ನು ನಾನು ನೋಡಿದೆ.

ಎರಡೂ ಬಾವುಟಗಳನ್ನು ತಂದು ಹಳದಿ ಶಾಲೆಯ ಡ್ರಿಲ್ ಮೇಷ್ಟ್ರ ಕೈಗೆ ಕೊಟ್ಟರು. "ಎರಡೂ ಕಡೆ ಪೂರ್ತಿ ತಿರುಗಿ ನೋಡಿ. ಯಾರು ಏನು ಕೂಗಿದ್ರೂ ಕೇಳ್ಬೇಡಿ" ಎಂದರು. ಚಪ್ಪರಕ್ಕೆ ಹೋಗಿ ಹೆಡ್ ಮೇಷ್ಟ್ರ ಮುಂದೆ ನಿಂತರು. "ನಂಗೆ ಎಡಗಡೆ ಕಾಣೋಲ್ಲ."

ಹೆಡ್ ಮೇಷ್ಟ್ರು ಅತಿಥಿಗಳ ಕಡೆ ನೋಡಿ ನಗಲು ಪ್ರಯತ್ನಿಸಿದರು. "ಬಿಸಿಲಿಗೆ ತಲೆ ಸುತ್ತಿರ್ಬೇಕು ಮೇಷ್ಟ್ರೇ. ಕೂತ್ಕೊಳ್ಳಿ, ನೀರು ಕುಡೀರಿ."

ಇವರು ಮೈದಾನದಲ್ಲಿ ಕೂಗುವ ಗಂಟಲಲ್ಲೇ ಮತ್ತೆ ಹೇಳಿದರು. "ಬಿಸಿಲಲ್ಲ ಸಾರ್. ನಂಗೆ ಎಡಗಡೆ ಕಾಣೋಲ್ಲ. ಇನ್ಮೇಲೆ ಭರ್ಜಿ ನನ್ನ ಕೈಗೆ ಕೊಡ್ಬೇಡಿ." ಈ ಸಲ ಎಲ್ಲರಿಗೂ ಕೇಳಿತು. ನೀರಿನ ತಟ್ಟೆ ಹಿಡಿದು ನಿಂತಿದ್ದ ಬಟಾಣಿ ಅತ್ತುಬಿಟ್ಟ. ಅತಿಥಿಗಳಿಗೆ ಯಾಕೆಂದು ಗೊತ್ತಾಗಲಿಲ್ಲ.

ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಕಂಬಳಿ ಹೊದಿಸಿದೆ.

"ಮೂರು ಹೆಜ್ಜೆ ಓಡಿದ್ದ ಅವನು."

"ಎಸೀಲಿಲ್ಲವಲ್ಲ ರೀ."

"ನಾನು ಎಸಿ ಅಂದೆ ಕಣೇ. ಒಂದ್ಸಲ ಅಲ್ಲ."

"ಅವನು ಎಸೀಲಿಲ್ಲ."

"ನನ್ನ ಕೈ ನೋಡಿ ಎಸೀಬೇಕು ಅಂತ ಹೇಳಿಕೊಟ್ಟವನು ನಾನೇ ಅಲ್ವಾ."

ಹನಿಯ ಶೀಶೆ ತಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ಆಮೇಲೆ ಅವರಿಗೆ ಆಟದ ಸಾಮಾನಿನ ಕೋಣೆ ಕೊಟ್ಟರು. ಚೆಂಡಿಗೆ ಗಾಳಿ ತುಂಬುವುದು, ಬಲೆ ಹೊಲಿಯುವುದು. ಆರೋಗ್ಯದ ಪಾಠವನ್ನೂ ಮಾಡುತ್ತಿದ್ದರು. ಭರ್ಜಿಯ ದಿನಗಳಲ್ಲಿ ಆ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರಂತೆ. ಆಟದ ಗಂಟೆ ಮುಗಿದ ಮೇಲೆ ಹೊರಗೆ ಬಂದು ಮೊದಲು ಸಿಕ್ಕ ಹುಡುಗನನ್ನು ಕೇಳುತ್ತಿದ್ದರಂತೆ, "ಎಲ್ಲರೂ ಇದೀರಾ?"

ಕೆಲಸದಿಂದ ನಿವೃತ್ತರಾದ ಮೇಲೆ ಶಾಲೆಯ ಮನೆ ಬಿಟ್ಟೆವು. ಪೇಟೆಯ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಮನೆಗೆ ಬಂದೆವು. ಮೈದಾನದ ಸದ್ದು ಅಲ್ಲಿಗೆ ಕೇಳುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ. ಕಣ್ಣು ನಿಧಾನಕ್ಕೆ ಬಲಗಡೆಯೂ ಹೋಯಿತು. ನಾನು ಹನಿ ಹಾಕುವುದು ಬಿಡಲಿಲ್ಲ. ಹನಿ ಹಾಕುವಾಗ ಒಂದೇ ಪ್ರಶ್ನೆ.

"ಆ ಹಳದಿ ಹುಡುಗನಿಗೆ ಈಗ ಎಷ್ಟು ವಯಸ್ಸಿರ್ಬಹುದು?"

"ದೊಡ್ಡವನಾಗಿರ್ತಾನೆ. ಕೆಲಸಕ್ಕೆ ಹೋಗ್ತಿರ್ತಾನೆ."

"ಮದುವೆ ಆಗಿರುತ್ತಾ?"

"ಆಗಿರುತ್ತೆ ರೀ. ಅವನಿಗೂ ಒಬ್ಬ ಮಗ ಇರ್ತಾನೆ, ಅವನೂ ಲೇಸು ಕಟ್ಟೋಕೆ ಬರ್ದೆ ಒದ್ದಾಡ್ತಿರ್ತಾನೆ."

ಅಷ್ಟು ಹೇಳಿದರೆ ಸಮಾಧಾನ. ಮಾರನೆಯ ದಿನ ಮತ್ತೆ ಅದೇ. ನಡೆಯದೇ ಇದ್ದ ಒಂದು ವಿಷಯಕ್ಕೆ ಇಷ್ಟು ವರ್ಷ ಹೆದರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಬೇಜಾರಾಗಿ, "ಸಾಕು ಮಾಡಿ, ಆ ಹುಡುಗನಿಗೇ ನೆನಪಿರೋಲ್ಲ" ಎಂದು ರೇಗಿದ್ದೂ ಇದೆ.

ಹೋದ ತಿಂಗಳು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಬಹಳ ಜನ ಬಂದರು. ಎಲ್ಲ ಹಳೆಯ ಹುಡುಗರು, ಹೊಟ್ಟೆ ಬಂದವರು, ತಲೆ ಬೋಳಾದವರು. ಒಬ್ಬ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅಷ್ಟು ಎತ್ತರ. ನೋಡಿದ ಕೂಡಲೇ ಗೊತ್ತಾಯಿತು. ಉದ್ದಣ್ಣ. ಈಗ ಲಾರಿ ಓಡಿಸುತ್ತಾನಂತೆ. ಎಲ್ಲರೂ ಹೋದ ಮೇಲೂ ಅವನು ಮೂಲೆಯಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದ.

"ಆ ಹಳದಿ ಜರ್ಸಿ ಹುಡುಗ ಯಾರು ಅಂತ ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದೆ. "ಕೊನೇತನಕ ಕೇಳ್ತಿದ್ರು."

"ಇಲ್ಲಮ್ಮಾ. ಅವತ್ತೊಂದು ದಿನ ನೋಡಿದ್ದು ಅಷ್ಟೇ." ಆಮೇಲೆ ಹೇಳಿದ, "ಸಾರ್ ಸಿಕ್ಕಾಗಲೆಲ್ಲ ನನ್ನ ಬೆನ್ನು ತಟ್ಟೋರು ಅಮ್ಮಾ. ನೀನು ಗಟ್ಟಿ ಹುಡುಗ, ನನ್ನ ಮಾತೂ ಕೇಳ್ಲಿಲ್ಲ ನೀನು ಅನ್ನೋರು. ನಾನು ಸುಮ್ನಿರ್ತಿದ್ದೆ."

"ಯಾಕೋ?"

"ಆ ಹುಡುಗ ನಂಗೆ ಕಾಣ್ತಿದ್ದ, ಅಲ್ಲಿದಾನೆ ಅಂದ್ರೆ ಸಾರ್‌ಗೆ ಕಾಣೋಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲ ಅಂತ ಹೇಳ್ಲಿಲ್ಲ. ಮೂರನೇ ಸಲ ಎಸಿ ಅಂದ್ರಲ್ಲ. ಆಗ ಎಸೆಯೋಣ ಅಂತಲೇ ಇದ್ದೆ. ಸಾರ್ ಹೇಳ್ತಿದಾರಲ್ಲ, ಎಸೆದುಬಿಡೋಣ ಅಂತ. ಕೈ ಹಿಂದಕ್ಕೆ ಹೋಗಿತ್ತು ಅಮ್ಮಾ. ಹೇಗೆ ಕೆಳಗಿಳಿಸಿದ್ನೋ ನಂಗೇ ಗೊತ್ತಿಲ್ಲ. ಈಗಲೂ ಲಾರಿ ಓಡಿಸ್ತಿರುವಾಗ ಒಮ್ಮೊಮ್ಮೆ ಕೈ ಹಿಂದಕ್ಕೆ ಹೋದ ಹಾಗಾಗುತ್ತೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೂತ್ಕೋತೀನಿ."

"ಇದನ್ನ ಅವರಿಗೆ ಹೇಳಿದ್ಯಾ?"

"ಇಲ್ಲಮ್ಮಾ."

"ಒಳ್ಳೇದಾಯ್ತು ಬಿಡಪ್ಪಾ" ಎಂದೆ. ಅವನಿಗೆ ನೀರು ತಂದುಕೊಟ್ಟೆ. ಲೋಟ ಹಿಡಿದ ಅವನ ಕೈಯನ್ನು ಕುಡಿದು ಮುಗಿಸುವವರೆಗೆ ನೋಡುತ್ತ ಕೂತೆ.